ಜಾಕ್ ಲಂಡನ್‌ನ ನೀಲಗಿರಿ ತೋಪು

ಊರಿಂದ ಅಪ್ಪ-ಅಮ್ಮ ಬಂದಾಗ ಬೇ ಏರಿಯಾದ ಕನ್ನಡ ಮನೆಗಳಲ್ಲಿ ಒಂದು ಚರ್ಚೆ ಆಗೇ ಆಗುತ್ತೆ: ನಾಪಾ ಕಡೆ ಕರ್ಕೊಂಡು ಹೋಗೋದಾ, ಬೇಡವಾ? ಅವರು ವೈನ್ ಮುಟ್ಟಲ್ಲ. ರುಚಿ ನೋಡೋದಕ್ಕೇ ತಲೆಗೆ ಐವತ್ತು ಡಾಲರ್ ಕೊಡಬೇಕು ಅಂದ್ರೆ ಅಮ್ಮಂದಿರು ಅಲ್ಲೇ ರೂಪಾಯಿ ಲೆಕ್ಕ ಶುರು ಮಾಡ್ತಾರೆ. ಕೊನೆಗೆ ಯಾವುದೋ ವೈನರಿಯ ಬೋರ್ಡಿನ ಮುಂದೆ ಫೋಟೋ, ಕಾರಲ್ಲೇ ಕೂತು ಪುಳಿಯೋಗರೆ, ಆಮೇಲೆ ವಾಪಸ್.

ಕಾರಲ್ಲೇ ಯಾಕೆ? ಮೈಲುಗಟ್ಟಲೆ ಹಸಿರು ಕಣ್ಣಿಗೆ ಕಾಣುತ್ತೆ, ಕಾಲಿಡೋಕೆ ಜಾಗ ಸಿಗಲ್ಲ. ಎಲ್ಲಾ ಯಾರದೋ ತೋಟ, ಯಾರದೋ ಬೇಲಿ. ಈ ಕಣಿವೆಗಳಲ್ಲಿ ಸಾರ್ವಜನಿಕರ ಪಾಲಿಗೆ ಏನು ಉಳಿದಿದೆ, ಅದು ಹೇಗೆ ಉಳೀತು ಅನ್ನೋದು ವೈನಿನ ಕಥೆಗಿಂತ ಸ್ವಾರಸ್ಯವಾಗಿದೆ ಅನ್ನೋದು ನನ್ನ ಅಭಿಪ್ರಾಯ.

ಮೊದಲಿಗೆ, ಇದು ಯಾವಾಗಲೂ ‘ವೈನ್ ಕಂಟ್ರಿ’ ಆಗಿರಲಿಲ್ಲ. ನಾಪಾ ಕಣಿವೆಯ ಉತ್ತರ ಭಾಗ ವಾಪೋ ಎಂಬ ಮೂಲನಿವಾಸಿಗಳ ನೆಲ. ಮೆಕ್ಸಿಕೋ ಆಳ್ವಿಕೆಯಲ್ಲಿ ಅದರ ದೊಡ್ಡ ತುಂಡೊಂದು ಎಡ್ವರ್ಡ್ ಬೇಲ್ ಎಂಬ ಇಂಗ್ಲಿಷ್ ವೈದ್ಯನಿಗೆ ಜಹಗೀರಾಗಿ ಸಿಕ್ಕಿತು. ಅದಕ್ಕೆ ಅವನಿಟ್ಟ ಹೆಸರು ‘ಕಾರ್ನೆ ಹುಮಾನಾ’, ಅಂದರೆ ನರಮಾಂಸ! (ಸ್ಥಳೀಯ ಹೆಸರನ್ನು ಬೇಕಂತಲೇ ತಿರುಚಿದ್ದು ಅಂತಾರೆ. ಡಾಕ್ಟರ ಹಾಸ್ಯಪ್ರಜ್ಞೆ ಹಾಗಿತ್ತು.) 1846ರಲ್ಲಿ ಅವನು ಕಟ್ಟಿಸಿದ ಹಿಟ್ಟಿನ ಗಿರಣಿ ಸೇಂಟ್ ಹೆಲೆನಾ ದಾಟಿದ ಮೇಲೆ ಹೆದ್ದಾರಿ 29ರ ಪಕ್ಕದಲ್ಲೇ ಇದೆ. ಅದರ ಮರದ ನೀರುಚಕ್ರ 36 ಅಡಿ ಎತ್ತರ. ಸುತ್ತಮುತ್ತಲಿನವರು ಗೋಧಿ, ಜೋಳ ಹೊತ್ತು ತಂದು ಬೀಸಿಸಿಕೊಂಡು ಹೋಗುತ್ತಿದ್ದದ್ದು ಇಲ್ಲಿಗೇ. ಗಿರಣಿಯಿಂದ ಕಾಡಿನೊಳಗೆ ಹೊರಡುವ ಕಾಲುದಾರಿ ಪಕ್ಕದ ಬೋತಿ-ನಾಪಾ ಪಾರ್ಕಿಗೆ ಸೇರುತ್ತೆ. ಅಲ್ಲಿ ರೆಡ್‌ವುಡ್ ಮರಗಳ ನೆರಳಿದೆ, ಪುಳಿಯೋಗರೆ ಡಬ್ಬಿ ಬಿಚ್ಚೋಕೆ ಮೇಜುಗಳೂ ಇವೆ.

ದ್ರಾಕ್ಷಿ ಬಂದಿದ್ದು ಗೋಧಿಯ ನಂತರ. ಬೆಟ್ಟ ಕೊರೆದು ವೈನ್ ಗುಹೆ ತೋಡಿದ ಕೈಗಳಲ್ಲಿ ಹೆಚ್ಚಿನವು ಚೀನೀ ಕೂಲಿಗಳದ್ದು. 1882ರಲ್ಲಿ ಅದೇ ಚೀನೀಯರು ದೇಶದೊಳಗೆ ಬರಬಾರದು ಅಂತ ಕಾನೂನಾಯಿತು. ಆಮೇಲೆ ಫಿಲಾಕ್ಸೆರಾ, ಬೇರಿನ ರಸ ಹೀರುವ ಹೇನಿನಂಥ ಪುಟ್ಟ ಕೀಟ, ತೋಟಗಳನ್ನೇ ಮುಗಿಸಿತು. ಅದೂ ಸಾಲದೆ 1920ರಿಂದ 1933ರವರೆಗೆ ಪಾನನಿಷೇಧ. ಎಷ್ಟೋ ರೈತರು ಬಳ್ಳಿ ಕಿತ್ತು ಪ್ರೂನ್ ಹಣ್ಣು, ಅಕ್ರೋಟು ಹಾಕಿದರು.

ಈ ಸೋಲುಗಳ ನಡುವೆ ಬಂದವನು ಜಾಕ್ ಲಂಡನ್.

‘ಕಾಲ್ ಆಫ್ ದ ವೈಲ್ಡ್’ ಬರೆದು ಹೆಸರು, ದುಡ್ಡು ಎರಡೂ ಮಾಡಿದ್ದ ಲಂಡನ್ 1905ರಲ್ಲಿ ಪಕ್ಕದ ಸೊನೋಮಾ ಕಣಿವೆಯ ಗ್ಲೆನ್ ಎಲೆನ್‌ನಲ್ಲಿ ಸುಮಾರು 130 ಎಕರೆ ಕೊಂಡ. ಆಮೇಲೆ ಅಕ್ಕಪಕ್ಕದ ಸೋತ ಜಮೀನುಗಳನ್ನೆಲ್ಲ ಸೇರಿಸುತ್ತಾ 1,400 ಎಕರೆಗೆ ಬಂದು ನಿಂತ. ಅದರಲ್ಲೊಂದು ಕೋಲರ್ ಅಂಡ್ ಫ್ರೋಲಿಂಗ್ ಎಂಬ ದೊಡ್ಡ ವೈನ್ ಕಂಪನಿಯದ್ದು. 1906ರ ಭೂಕಂಪದಲ್ಲಿ ಜಖಂ ಆದ ಅದರ ಕಲ್ಲುಗೋಡೆಗಳು ಇವತ್ತೂ ಪಾರ್ಕಿನೊಳಗಿವೆ. ಹಳೇ ವೈನರಿಯ ಯಜಮಾನನಾದ ಇದೇ ಮನುಷ್ಯ 1913ರಲ್ಲಿ ತನ್ನ ಕುಡಿತದ ಬಗ್ಗೆಯೇ ‘ಜಾನ್ ಬಾರ್ಲಿಕಾರ್ನ್’ ಎಂಬ ಆತ್ಮಕಥನ ಬರೆದ.

ಸವೆದ ಮಣ್ಣಿಗೆ ಮತ್ತೆ ಜೀವ ತುಂಬಬೇಕು ಅನ್ನೋದು ಅವನ ಹುಚ್ಚು. 1904ರಲ್ಲಿ ಯುದ್ಧ ವರದಿಗಾರನಾಗಿ ಕೊರಿಯಾಕ್ಕೆ ಹೋಗಿದ್ದಾಗ ಅಲ್ಲಿನ ಮೆಟ್ಟಿಲು ಗದ್ದೆ ನೋಡಿದ್ದ. ಬಂದು ತನ್ನ ಇಳಿಜಾರಿನಲ್ಲೂ ಹಾಗೇ ಮಾಡಿಸಿದ. ಗೊಬ್ಬರ ಪೋಲಾಗದಂತೆ ಕೂಡಿಟ್ಟ. ಹಂದಿಗಳಿಗೆ ಕಲ್ಲಿನ ದುಂಡನೆಯ ದೊಡ್ಡಿ ಕಟ್ಟಿಸಿದ. ಅದಕ್ಕಾದ ಖರ್ಚು ನೋಡಿ ಜನ ‘ಹಂದಿಯರಮನೆ’ ಅಂತ ನಕ್ಕರು. ಹೊಸ ತಲೆಮಾರಿನ ಸ್ಟಾರ್ಟಪ್ ರೈತರು ನೋಡಲೇಬೇಕಾದ ಜಾಗ.

ಇನ್ನೊಂದು ಪ್ರಯೋಗ ನೀಲಗಿರಿ. ಆ ಹೊತ್ತಿಗೆ ಕ್ಯಾಲಿಫೋರ್ನಿಯಾಕ್ಕೆ ನೀಲಗಿರಿಯ ಜ್ವರ ಹಿಡಿದಿತ್ತು. ಬೇಗ ಬೆಳೆಯುತ್ತೆ, ಗಟ್ಟಿ ಮರ ಕೊಡುತ್ತೆ, ಕೂತಲ್ಲೇ ಶ್ರೀಮಂತರಾಗಬಹುದು ಅಂತ. ಲಂಡನ್ 60 ಸಾವಿರಕ್ಕೂ ಹೆಚ್ಚು ಸಸಿ ನೆಡಿಸಿದ. ಒಣಗಿದಾಗ ಆ ಮರ ಸೀಳಿತು, ಸೊಟ್ಟಗಾಯಿತು. ಮರದ ವ್ಯಾಪಾರ ಹತ್ತಲೇ ಇಲ್ಲ. ಮರಗಳು ಮಾತ್ರ ನಿಂತವು.

ನಮ್ಮಪ್ಪ ಕೋಲಾರದ ಕಡೆಯವರು. ಆ ತೋಪಿನ ಹತ್ತಿರ ಬಂದವರೇ ಒಂದು ಎಲೆ ಕಿತ್ತು ಮೂಸಿ, “ಇವನಿಗೂ ಇದನ್ನ ತಲೆಗೆ ಕಟ್ಟಿದ್ರಾ?” ಅಂದರು. ನಮ್ಮ ಬಯಲುಸೀಮೆಯಲ್ಲೂ ಇದೇ ಆಸೆ ತೋರಿಸಿ ಎಕರೆಗಟ್ಟಲೆ ಹಾಕಿಸಿದ್ದು, ಅಂತರ್ಜಲದ ಗಲಾಟೆ ಎದ್ದು 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೆಡೋದನ್ನೇ ನಿಷೇಧಿಸಿದ್ದು ಅವರಿಗೆ ಬಾಯಿಪಾಠ. ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ವೈನ್ ಇಲ್ಲದ ವೈನ್ ಕಂಟ್ರಿಯಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿತ್ತು.

ತೋಪಿಗಿಂತ ಹೆಚ್ಚು ಜನ ನೋಡೋಕೆ ಬರೋದು ‘ವುಲ್ಫ್ ಹೌಸ್’ ಅನ್ನು. ಅಗ್ನಿಶಿಲೆ, ರೆಡ್‌ವುಡ್ ದಿಮ್ಮಿಗಳಿಂದ ಕಟ್ಟಿದ 26 ಕೋಣೆಯ ಮನೆ. ಇನ್ನೇನು ಗೃಹಪ್ರವೇಶ ಅನ್ನುವಾಗ, 1913ರ ಆಗಸ್ಟ್ 22ರ ರಾತ್ರಿ ಸುಟ್ಟುಹೋಯಿತು. ಯಾರೋ ಬೆಂಕಿ ಇಟ್ಟರು ಅನ್ನೋ ಗುಮಾನಿ ದಶಕಗಟ್ಟಲೆ ಓಡಾಡಿತು. 1995ರಲ್ಲಿ ಬೆಂಕಿ ತನಿಖೆಯ ಪರಿಣತರು ಅವಶೇಷ ಪರೀಕ್ಷಿಸಿ, ಕೆಲಸಗಾರರು ಬಿಟ್ಟುಹೋದ ಎಣ್ಣೆ ಮೆತ್ತಿದ ಬಟ್ಟೆ ತಾನಾಗೇ ಹೊತ್ತಿಕೊಂಡಿರಬೇಕು ಅಂದರು. ಲಂಡನ್ ಮತ್ತೆ ಆ ಮನೆ ಕಟ್ಟಲಿಲ್ಲ. ಮೂರು ವರ್ಷಕ್ಕೆ, 40ನೇ ವಯಸ್ಸಿಗೇ ತೀರಿಕೊಂಡ. ಬೂದಿಯನ್ನು ಅಲ್ಲೇ ಗುಡ್ಡದ ಮೇಲೆ, ಒಂದು ಬಂಡೆಯ ಕೆಳಗಿಟ್ಟಿದ್ದಾರೆ. ಹೆಂಡತಿ ಚಾರ್ಮಿಯನ್ 1955ರವರೆಗೆ ಆ ಜಾಗ ಕಾಯ್ದಳು. ಅವಳ ನಂತರ ರಾಜ್ಯ ಸರ್ಕಾರದ ಕೈಗೆ ಬಂದು ಪಾರ್ಕ್ ಆಯಿತು. ಪಕ್ಕದ ಒಂದಿಷ್ಟು ಜಮೀನು ಅವನ ಮಲಅಕ್ಕನ ವಂಶದವರ ಹತ್ತಿರವೇ ಉಳಿಯಿತು. ಅವರು ಹಾಕಿದ್ದು ಏನು ಅಂತೀರಿ? ದ್ರಾಕ್ಷಿ. ಆ ಹಣ್ಣಿನ ವೈನ್ ತೋಳದ ಮುಖದ ಲೇಬಲ್ ಹೊತ್ತು ಮಾರಾಟವಾಯಿತು.

ನಾಪಾದಲ್ಲಿ ಅಷ್ಟರಲ್ಲಿ ಬೇರೆಯೇ ಜಗಳ. ದಕ್ಷಿಣದ ಸಾಂತಾ ಕ್ಲಾರಾ ಕಣಿವೆಯ ಹಣ್ಣಿನ ತೋಟಗಳು ಒಂದೊಂದಾಗಿ ಸೈಟುಗಳಾಗುತ್ತಿದ್ದವು. ಇವತ್ತು ನಾವು ಕೂತು ಕೋಡ್ ಬರೆಯೋ ಸಿಲಿಕಾನ್ ವ್ಯಾಲಿ ಅದೇ. ಅದನ್ನು ನೋಡಿ ಬೆಚ್ಚಿದ ನಾಪಾ ಕೌಂಟಿ 1968ರಲ್ಲಿ ಕಣಿವೆಯನ್ನು ಕೃಷಿಗೆಂದೇ ಮೀಸಲಿಟ್ಟಿತು. ಕನಿಷ್ಠ 20 ಎಕರೆಗಿಂತ ಚಿಕ್ಕದಾಗಿ ಭೂಮಿ ತುಂಡು ಮಾಡುವಂತಿಲ್ಲ (ಆಮೇಲೆ ಅದು 40 ಆಯಿತು). ಅಮೆರಿಕದಲ್ಲಿ ಇಂಥದ್ದು ಇದೇ ಮೊದಲು. ಬೆಂಗಳೂರಿನ ಹೊರವಲಯ ನೋಡಿದವರಿಗೆ ಇದರ ಬೆಲೆ ವಿವರಿಸಬೇಕಿಲ್ಲ. ಆದರೆ ಕಾನೂನು ತೋಟ ಉಳಿಸಿತೇ ಹೊರತು ತೋಟದ ಬಾಗಿಲು ತೆರೆಯಲಿಲ್ಲ. ಪಾರ್ಕುಗಳಿಗೆಂದೇ ಒಂದು ಜಿಲ್ಲಾ ಸಂಸ್ಥೆ ಬೇಕು ಅಂತ ನಾಪಾದ ಮತದಾರರು ಒಪ್ಪಿದ್ದು 2006ರಲ್ಲಿ!

ಅದು ಹುಟ್ಟಿದ್ದು ಒಳ್ಳೆಯದೇ ಆಯಿತು. 2011ರಲ್ಲಿ ಬೊಕ್ಕಸ ಬರಿದಾದ ಕ್ಯಾಲಿಫೋರ್ನಿಯಾ 70 ಸ್ಟೇಟ್ ಪಾರ್ಕ್ ಮುಚ್ಚುತ್ತೇವೆ ಅಂತ ಪಟ್ಟಿ ಹೊರಡಿಸಿತು. ಅದರಲ್ಲಿ ಬೇಲ್‌ನ ಗಿರಣಿ, ಬೋತಿ, ಜಾಕ್ ಲಂಡನ್, ಶುಗರ್‌ಲೋಫ್ ಬೆಟ್ಟ ಎಲ್ಲವೂ ಇದ್ದವು. ಬೋತಿ ಮತ್ತು ಗಿರಣಿಯನ್ನು ಈ ಹೊಸ ಸಂಸ್ಥೆಯೇ ವಹಿಸಿಕೊಂಡಿತು. ಜಾಕ್ ಲಂಡನ್ ಪಾರ್ಕನ್ನು 2012ರಲ್ಲಿ ಸ್ಥಳೀಯ ಲಾಭರಹಿತ ಸಂಘವೊಂದು ನಡೆಸಲು ಮುಂದೆ ಬಂತು. ಟಿಕೆಟ್, ದೇಣಿಗೆ, ಸ್ವಯಂಸೇವಕರು, ಇದರ ಮೇಲೆಯೇ ಅವತ್ತಿಂದ ಅದು ನಡೀತಿದೆ. ಶುಗರ್‌ಲೋಫ್ ಕೂಡ ಹಾಗೇ ಉಳೀತು. ಉಳಿದ ಐದು ವರ್ಷಕ್ಕೆ, 2017ರ ಅಕ್ಟೋಬರಿನಲ್ಲಿ ಕಾಳ್ಗಿಚ್ಚು ಬಂದು ಬೆಟ್ಟದ ಬಹುಭಾಗ ಸುಟ್ಟಿತು. 2020ರಲ್ಲಿ ಮತ್ತೊಮ್ಮೆ. ಈಗ ವಸಂತದಲ್ಲಿ ಹೋದರೆ ಕಪ್ಪು ಕಾಂಡಗಳ ಕೆಳಗೆ ಹುಲ್ಲು, ಹುಲ್ಲಿನ ನಡುವೆ ಕೇಸರಿ ಬಣ್ಣದ ಪಾಪ್ಪಿ ಹೂ. ರಾತ್ರಿ ನಕ್ಷತ್ರ ನೋಡೋಕೆ ಅಲ್ಲೊಂದು ವೀಕ್ಷಣಾಲಯವೂ ಇದೆ. ಸ್ವೆಟರ್ ತಗೊಂಡು ಹೋಗಿ, ಬೇಸಿಗೆಯಲ್ಲೂ ಕತ್ತಲಾದ ಮೇಲೆ ಚಳಿ ಇರುತ್ತೆ.