ಸೈಕಲ್ ಅಂಗಡಿಯಿಂದ ಬೇವಿನಹಳ್ಳಿಯ ಕುಲುಮೆಯವರೆಗೆ



ಆನೆಗೊಂದಿಯ ಕೋಟೆಯನ್ನೂ ಪಂಪಾಸರೋವರವನ್ನೂ ಕಾಣಲೆಂದು ಕೊಪ್ಪಳದ ಕಡೆಯಿಂದ ಹೊರಟ ತಾವು, ಹಿಟ್ನಾಳದ ಆಸುಪಾಸಿನಲ್ಲಿ ಹೊಲಗಳ ಆಚೆಗೆ ಕಾರ್ಖಾನೆಗಳ ಚಿಮಣಿಗಳು ತಲೆಯೆತ್ತಿರುವುದನ್ನು ಕಂಡೇ ಇರುತ್ತೀರಿ. ಅವುಗಳ ನಡುವೆ ಬೇವಿನಹಳ್ಳಿಯ ಕಿರ್ಲೋಸ್ಕರ ಫೆರಸ್ ಇಂಡಸ್ಟ್ರೀಸ್ ಎಂಬುದೂ ಒಂದು. ೧೯೯೧ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆ ಅದಿರನ್ನು ಕರಗಿಸಿ ಬೀಡುಕಬ್ಬಿಣವನ್ನು ತೆಗೆಯುತ್ತದೆ. ಟ್ರ್ಯಾಕ್ಟರು ಮತ್ತು ಡೀಸೆಲ್ ಎಂಜಿನ್ನುಗಳಿಗೆ ಬೇಕಾದ ಎರಕದ ಭಾಗಗಳನ್ನು ಹೊಯ್ಯುತ್ತದೆ. ಆ ಹೆಸರನ್ನು ಓದಿ ಮುಂದೆ ಸಾಗುವವರಲ್ಲಿ ಎಷ್ಟು ಜನಕ್ಕೆ, ಅದರ ಮೂಲ ಇಲ್ಲಿಂದ ಬಹುದೂರವಲ್ಲದ ಬೆಳಗಾವಿಯ ಒಂದು ಸೈಕಲ್ ಅಂಗಡಿಯಲ್ಲಿದೆಯೆಂಬುದು ನೆನಪಾಗುತ್ತದೆಯೋ ತಿಳಿಯದು.

ಈ ಮಾತನ್ನು ಈಗ ಎತ್ತಲು ಒಂದು ಕಾರಣವುಂಟು. ಕಳೆದ ಶ್ರಾವಣದಲ್ಲಿ ನಮ್ಮ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಯೊಬ್ಬರು ಮಠಕ್ಕೆ ಬಂದಿದ್ದರು. ಗಂಗಾವತಿಯಲ್ಲಿ ಅವರದು ಕಬ್ಬಿಣದ ಸಾಮಾನಿನ ಸಗಟು ವ್ಯಾಪಾರ. ಮೊಳೆ, ತಿರುಪು, ಚಿಲಕ, ಬಿಜಾಗರಿ, ಸಲಿಕೆ, ಪೈಪು ಎಲ್ಲವೂ ಅಲ್ಲಿಂದಲೇ ಸುತ್ತಣ ಹಳ್ಳಿಗಳ ಚಿಕ್ಕ ಅಂಗಡಿಗಳಿಗೆ ಹೋಗುತ್ತವೆ. ತಂದೆ ಕಟ್ಟಿದ ಅಂಗಡಿ, ಮೂವರು ಅಣ್ಣತಮ್ಮಂದಿರು. ಅವರು ಹೇಳಿದ ಮಾತನ್ನು ಅವರ ಬಾಯಲ್ಲಿಯೇ ಕೇಳಿರಿ: "ಅಪ್ಪಾವ್ರೆ, ಮೂರು ಪಾಲು ಮಾಡಿ ಮೂರು ಅಂಗಡಿ ಮಾಡ್ಕೋಬೇಕಂತ ಮಾಡೇವ್ರಿ. ಅಂಗಡಿ ಎಷ್ಟು ದೊಡ್ಡದಾದರೂ ಅಂಗಡೀನೇ ಅಲ್ಲೇನ್ರಿ? ಕೂಡಿ ಇದ್ದು ಏನು ಕಟ್ಟೋದೈತ್ರಿ?" ನಾವು ಆ ಹೊತ್ತಿಗೆ ಉಪದೇಶವನ್ನೇನೂ ಮಾಡಲಿಲ್ಲ. ಕಿರ್ಲೋಸ್ಕರರ ಕಥೆಯನ್ನು ಹೇಳಿದೆವು. ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಸವದತ್ತಿಯ ಸಮೀಪದ ಗುರ್ಲಹೊಸೂರಿನಲ್ಲಿ ೧೮೬೯ರ ಜೂನ್ ೨೦ರಂದು ಲಕ್ಷ್ಮಣರಾವ್ ಕಿರ್ಲೋಸ್ಕರರು ಜನಿಸಿದರು. ಮನೆಮಾತು ಮರಾಠಿ, ನೆಲ ಕನ್ನಡದ್ದು. ಮರಾಠಿ ರಂಗಭೂಮಿಗೆ ಸಂಗೀತ ನಾಟಕದ ಹಾದಿಯನ್ನು ತೋರಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರು. ತಂದೆ ಕಾಶಿನಾಥಪಂತರು ವೇದಾಂತವನ್ನು ಓದಿಕೊಂಡವರು. ಮಗನಿಗೆ ಮಾತ್ರ ಶಾಲೆಯ ಓದು ರುಚಿಸಲಿಲ್ಲ. ಅವನ ಒಲವು ಚಿತ್ರ ಬಿಡಿಸುವುದರಲ್ಲಿ, ಯಂತ್ರಗಳನ್ನು ಬಿಚ್ಚಿ ಜೋಡಿಸುವುದರಲ್ಲಿ. ೧೮೮೫ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದ. ಅಲ್ಲಿ ಕಣ್ಣು ಕೈಕೊಟ್ಟಿತು. ಕೆಲವು ಬಣ್ಣಗಳ ಭೇದ ತನಗೆ ಕಾಣುವುದಿಲ್ಲವೆಂದು ತಿಳಿದುಬಂದಾಗ ಆ ತರುಣ ಕುಂಚವನ್ನು ಕೆಳಗಿಟ್ಟು, ಬಣ್ಣ ಬೇಡದ ಯಂತ್ರರೇಖಾಚಿತ್ರವನ್ನು ಕಲಿತು, ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕನಾದ.

ಸೈಕಲ್ಲು ಆಗ ಹೊಸತು. ಮುಂಬಯಿಯಲ್ಲಿ ಅದನ್ನು ಕಂಡ ಲಕ್ಷ್ಮಣರಾಯರು ಅಲ್ಲಿ ಕೊಂಡು ಬೆಳಗಾವಿಯಲ್ಲಿದ್ದ ಅಣ್ಣ ರಾಮುಅಣ್ಣನವರಿಗೆ ಕಳುಹಿಸುತ್ತಿದ್ದರು, ಅಣ್ಣ ಮಾರುತ್ತಿದ್ದರು. ಬೆಲೆ ಏಳುನೂರರಿಂದ ಸಾವಿರ ರೂಪಾಯಿಯವರೆಗೆ ಇತ್ತೆಂದೂ, ಕೊಂಡವರಿಗೆ ಹತ್ತಿ ಓಡಿಸುವುದನ್ನು ಕಲಿಸಲು ಹದಿನೈದು ರೂಪಾಯಿ ಬೇರೆ ಪಡೆಯುತ್ತಿದ್ದರೆಂದೂ ಹೇಳುತ್ತಾರೆ. ಕಿರ್ಲೋಸ್ಕರ ಬ್ರದರ್ಸ್ ಎಂಬ ಹೆಸರು ಹುಟ್ಟಿದ್ದು ಹೀಗೆ, ೧೮೮೮ರಲ್ಲಿ. ಆ ಅಂಗಡಿಯಿದ್ದ ಬೀದಿಯನ್ನು ಬೆಳಗಾವಿಯ ಜನ ಇಂದಿಗೂ ಕಿರ್ಲೋಸ್ಕರ ರಸ್ತೆ ಎನ್ನುತ್ತಾರೆ.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ನಮ್ಮ ಕೋರಿಕೆ. ಸೈಕಲ್ಲನ್ನು ಮಾರುವುದು ಒಂದು, ಮಾರಿದ ಮೇಲೆ ಕೊಂಡವನು ಬೀಳದೆ ಮನೆ ಮುಟ್ಟುವಂತೆ ನೋಡಿಕೊಳ್ಳುವುದು ಇನ್ನೊಂದು. ಈ ಎರಡನೆಯದು ಅಂಗಡಿಯ ಬಾಗಿಲಿನಿಂದಾಚೆಗಿನ ಕೆಲಸ. ಮುಂದೆ ಈ ಮನೆತನ ಏನನ್ನೆಲ್ಲ ಮಾಡಿತೋ ಅದರ ಬೀಜ ಆ ಹದಿನೈದು ರೂಪಾಯಿಯ ಪಾಠದಲ್ಲಿದೆಯೆಂದು ನಮಗೆ ತೋರುತ್ತದೆ.

೧೮೯೭ರಲ್ಲಿ ತಮಗೆ ಸಲ್ಲಬೇಕಾದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬನಿಗೆ ಹೋದಾಗ ಲಕ್ಷ್ಮಣರಾಯರು ನೌಕರಿಯನ್ನು ಬಿಟ್ಟು ಬೆಳಗಾವಿಗೆ ಬಂದರು. ಅಣ್ಣತಮ್ಮಂದಿರು ಒಂದು ಚಿಕ್ಕ ಕಮ್ಮಟವನ್ನು ತೆರೆದರು. ಮೊದಲು ಕಣಿಕೆ ಕತ್ತರಿಸುವ ಯಂತ್ರ, ಅನಂತರ ಕಬ್ಬಿಣದ ನೇಗಿಲು. ನೇಗಿಲು ಸಿದ್ಧವಾಯಿತು, ಕೊಳ್ಳುವವರಿಲ್ಲ. ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹಿಂಜರಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ಇದನ್ನು ರೈತನ ಮೌಢ್ಯವೆಂದು ನಕ್ಕುಬಿಡುವವರುಂಟು. ನಾವು ಅದನ್ನು ಒಪ್ಪುವುದಿಲ್ಲ. ಹಳ್ಳಿಯಲ್ಲಿ ಮರದ ರಂಟೆಯನ್ನು ಮಾಡಿಕೊಡುತ್ತಿದ್ದವನು ಬಡಿಗ, ಅದರ ಕುಳವನ್ನು ಕಾಸಿ ಬಡಿಯುತ್ತಿದ್ದವನು ಕಮ್ಮಾರ. ಅವರಿಬ್ಬರಿಗೂ ರೈತ ಸುಗ್ಗಿಯಲ್ಲಿ ಕಣದಲ್ಲೇ ಆಯ ಅಳೆದು ಕೊಡುತ್ತಿದ್ದ. ನಗದು ಹಣದ ಮಾತೇ ಇರಲಿಲ್ಲ. ರಂಟೆ ಮುರಿದರೆ ಅದೇ ದಿನ, ಅದೇ ಊರಲ್ಲಿ ರಿಪೇರಿ. ಕಬ್ಬಿಣದ ನೇಗಿಲಾದರೋ ರೊಕ್ಕ ಕೊಟ್ಟು ಕೊಳ್ಳಬೇಕು. ಎರಕದ ಕುಳ ಸವೆದರೆ ಊರ ಕಮ್ಮಾರನ ಕುಲುಮೆಯಲ್ಲಿ ಅದಕ್ಕೆ ಮದ್ದಿಲ್ಲ. ಮತ್ತೆ ಪಟ್ಟಣದ ಅಂಗಡಿಯೇ ಗತಿ. ಬಿತ್ತನೆಯ ಹೊತ್ತಿನಲ್ಲಿ ಆ ಅಂಗಡಿಯವನು ಕೈಯೆತ್ತಿದರೆ ವರ್ಷದ ಬೆಳೆಯೇ ಹೋಯಿತು. ಇಷ್ಟೆಲ್ಲ ಅಂಜಿಕೆಯನ್ನು ಒಟ್ಟುಗೂಡಿಸಿ ರೈತ 'ವಿಷ' ಎಂಬ ಒಂದೇ ಮಾತಿನಲ್ಲಿ ಹೇಳಿದ್ದಿರಬೇಕು. ಅದನ್ನು ಬಿಡಿಸಲು ವಾದ ಸಾಲದು. ನೇಗಿಲು ನೆಲದಲ್ಲಿ ಆಳಕ್ಕಿಳಿದು ಮಣ್ಣನ್ನು ಮಗುಚುವುದನ್ನು ಅವನು ಕಣ್ಣಾರೆ ನೋಡಬೇಕು, ಕುಳ ಬೇಕೆಂದಾಗ ದೊರೆಯುತ್ತದೆಂಬ ಭರವಸೆ ಮೂಡಬೇಕು.

ನಮ್ಮ ಯಲಬುರ್ಗಿ, ಕುಷ್ಟಗಿಗಳ ಎರೆಭೂಮಿಯನ್ನು ಬಲ್ಲವರಿಗೆ ಇದರ ಬೆಲೆ ಬೇಗ ತಿಳಿದೀತು. ಎರೆಯಲ್ಲಿ ಕರಿಕೆ ಬೇರೂರಿತೆಂದರೆ ಮರದ ರಂಟೆ ಅದನ್ನು ಮೇಲೆ ಮೇಲೆ ಕೆರೆಯಬಲ್ಲುದೇ ಹೊರತು ಕೀಳಲಾರದು. ನಮ್ಮ ಬಾಲ್ಯದಲ್ಲಿ, ಎರಡು ಮೂರು ಮನೆಗಳವರು ತಮ್ಮ ಎತ್ತುಗಳನ್ನು ಒಂದೇ ಕಬ್ಬಿಣದ ನೇಗಿಲಿಗೆ ಹೂಡಿ, ಸರದಿಯಂತೆ ಒಬ್ಬರ ಹೊಲವಾದ ಮೇಲೆ ಒಬ್ಬರದನ್ನು ಬೇಸಿಗೆಯಲ್ಲಿ ಹೊಡೆಯುತ್ತಿದ್ದುದನ್ನು ಕಂಡಿದ್ದೇವೆ. ಆಳುದ್ದ ಹೆಂಟೆಗಳು ಎದ್ದು ಬೀಳುವಾಗ ಹುಡುಗರಾದ ನಾವು ಹಿಂದೆ ಹಿಂದೆ ಓಡಿ ಕರಿಕೆಯ ಗಡ್ಡೆಗಳನ್ನು ಆಯುತ್ತಿದ್ದೆವು. 'ಆಳುದ್ದ' ಎಂಬುದು ಹುಡುಗರ ಅಳತೆಯೆಂದು ತಾವು ರಿಯಾಯಿತಿ ತೋರಬೇಕು.

ಮತ್ತೆ ಬೆಳಗಾವಿಗೆ ಬರೋಣ. ನೇಗಿಲು ಮಾರುಹೋಗತೊಡಗಿ ಕಮ್ಮಟ ಕಣ್ಣು ಬಿಡುವಷ್ಟರಲ್ಲಿ, ಊರ ಹೊಸ ಬಡಾವಣೆಗಾಗಿ ಆ ಜಾಗವನ್ನು ತೆರವು ಮಾಡಬೇಕೆಂದು ಪುರಸಭೆಯ ಆಜ್ಞೆಯಾಯಿತು. ಯಂತ್ರಗಳನ್ನು ಹೊತ್ತು ಎಲ್ಲಿಗೆ ಹೋಗುವುದು? ಆಗ ಕೈಹಿಡಿದವರು ಔಂಧ ಸಂಸ್ಥಾನದ ದೊರೆ ಬಾಳಾಸಾಹೇಬ ಪಂತ ಪ್ರತಿನಿಧಿಗಳು. ಹತ್ತು ಸಾವಿರ ರೂಪಾಯಿ ಸಾಲ ಕೊಟ್ಟು, ಕುಂಡಲ ರೋಡ್ ಎಂಬ ರೈಲು ನಿಲ್ದಾಣದ ಪಕ್ಕದಲ್ಲಿ ಬರಡು ಭೂಮಿಯನ್ನೂ ಕೊಟ್ಟರು. ೧೯೧೦ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಪಾಪಾಸುಕಳ್ಳಿ ಬೆಳೆದ, ಹಾವುಗಳ ಬೀಡಾದ ನೆಲವದು. ಲಕ್ಷ್ಮಣರಾಯರ ಮಗ ಶಂತನುರಾಯರು ಮುಂದೆ ಬರೆದ ಆತ್ಮಕಥೆಗೆ 'ಕ್ಯಾಕ್ಟಸ್ ಅಂಡ್ ರೋಸಸ್' ಎಂದು ಹೆಸರಿಟ್ಟುದರಲ್ಲಿ ಆ ಕಳ್ಳಿಯ ನೆನಪಿದೆ. ಒಂದು ಪುರಸಭೆಯ ಆಜ್ಞೆಯಿಂದ ಕನ್ನಡನಾಡು ಕಳೆದುಕೊಂಡದ್ದೆಷ್ಟು ಎಂಬುದನ್ನು ಲೆಕ್ಕ ಹಾಕುವ ಆಸೆ ನಮಗಾಗುತ್ತದೆ. ಇಂದು ಆ ಊರು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ.

ಆ ವಾಡಿಯ ಮೊದಲ ಬಳಗವನ್ನು ನೋಡಿದರೆ ಆಶ್ಚರ್ಯವೆನಿಸುತ್ತದೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟ ಅನಂತರಾವ್ ಫಳಣೀಕರರು ಯಂತ್ರಗಳ ಕಲ್ಪಕರಾದರು. ಗುಮಾಸ್ತರಾಗಿದ್ದ ಮಂಗೇಶರಾವ್ ರೇಗೆಯವರು ಲೆಕ್ಕಪತ್ರವನ್ನು ಹೊತ್ತರು. ದರೋಡೆಯ ಅಪರಾಧಕ್ಕಾಗಿ ಶಿಕ್ಷೆಗೊಳಗಾಗಿದ್ದ ಇಬ್ಬರನ್ನು ಕರೆತಂದು ಪಹರೆಗೆ ನಿಲ್ಲಿಸಲಾಯಿತು. ಅವರು ನಂಬಿಕೆಯ ಕಾವಲುಗಾರರಾಗಿ ಉಳಿದರು. ವಾಡಿಯೊಳಗೆ ಅಸ್ಪೃಶ್ಯತೆಗೆ ಎಡೆಯಿಲ್ಲವೆಂದು ಲಕ್ಷ್ಮಣರಾಯರು ನಿಯಮವಿಟ್ಟರು. ಕಾಯಕದ ಮುಂದೆ ಕುಲವನ್ನು ಕೇಳದ ಶರಣರ ಪರಂಪರೆಯಲ್ಲಿ ಬೆಳೆದ ನಮಗೆ ಇದು ಹೊರಗಿನ ಮಾತಾಗಿ ಕೇಳಿಸುವುದಿಲ್ಲ. ಊರಿನ ಬೀದಿ, ನೀರು, ನೈರ್ಮಲ್ಯ, ಮನೆಗಳ ಹಂಚಿಕೆ ಇವೆಲ್ಲ ಯಾರ ಹೊಣೆ? ಅದೇ ಅಣ್ಣ ರಾಮುಅಣ್ಣನವರದು. ತಮ್ಮ ಯಂತ್ರವನ್ನು ಕಟ್ಟಿದರೆ ಅಣ್ಣ ಊರನ್ನು ಕಟ್ಟಿದರು. ೧೯೬೯ರಲ್ಲಿ ತಮ್ಮನ ಹೆಸರಿನ ಅಂಚೆಚೀಟಿ ಬಂದಿತು. ಅಣ್ಣನ ಹೆಸರನ್ನು ಕೇಳಿದವರು ಕಡಿಮೆ. 'ಬ್ರದರ್ಸ್' ಎಂಬ ಮಾತಿನಲ್ಲಿ ಮಾತ್ರ ಅವರು ಉಳಿದಿದ್ದಾರೆ.

೧೯೨೦ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ನೇಗಿಲಿನೊಂದಿಗೆ ಕಬ್ಬಿನ ಗಾಣ, ನೀರೆತ್ತುವ ಪಂಪುಗಳು ಬಂದವು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಓದಿದ ಶಂತನುರಾಯರು ೧೯೨೬ರಲ್ಲಿ ಪದವೀಧರರಾಗಿ ಬಂದು ಕೈಗೂಡಿಸಿದರು. ೧೯೪೧ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ, ನಮ್ಮ ಆನೆಗೊಂದಿಯನ್ನು ಬಳಸಿ ಹರಿಯುವ ಇದೇ ತುಂಗಭದ್ರೆಯ ಮೇಲುದಡದಲ್ಲಿ, ಲೇತ್ ಯಂತ್ರಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ ಆರಂಭವಾಯಿತು. ೧೯೪೬ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ ಕಾರ್ಖಾನೆ, ಅದೇ ವರ್ಷ ಪುಣೆಯಲ್ಲಿ ಆಯಿಲ್ ಎಂಜಿನ್ನುಗಳ ಕಾರ್ಖಾನೆ. ಬಾವಿಯ ದಡದಲ್ಲಿ, ಹಿಟ್ಟಿನ ಗಿರಣಿಯಲ್ಲಿ ಟಕಟಕನೆ ಸದ್ದು ಮಾಡುತ್ತಿದ್ದ ಆ ಎಂಜಿನ್ನುಗಳ ಪರಿಚಯ ನಮ್ಮ ವಾಚಕರಲ್ಲಿ ಹಿರಿಯರಿಗೆ ಹೊಸದಲ್ಲ.

ಏರುವ ದಾರಿಯಲ್ಲಿ ಬೆಂಕಿಯೂ ಬಿತ್ತು. ೧೯೪೮ರಲ್ಲಿ ಗಾಂಧೀಜಿಯವರ ಹತ್ಯೆಯ ಬೆನ್ನಿಗೇ ಎದ್ದ ಬ್ರಾಹ್ಮಣವಿರೋಧಿ ದೊಂಬಿಯಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಕಿಚ್ಚಿಟ್ಟರು. ಜಾತಿಭೇದವನ್ನು ಬಾಗಿಲಾಚೆ ನಿಲ್ಲಿಸಿದ್ದ ಊರು, ಒಡೆಯರ ಜಾತಿಯ ಕಾರಣಕ್ಕಾಗಿಯೇ ಸುಟ್ಟಿತು. ಮತ್ತೆ ಕಟ್ಟಿದರು. ಲಕ್ಷ್ಮಣರಾಯರು ೧೯೫೬ರಲ್ಲಿ ತೀರಿಕೊಂಡರು. ಶಂತನುರಾಯರ ಕಾಲದಲ್ಲಿ ಅಮೆರಿಕದ ಕಮಿನ್ಸ್ ಸಂಸ್ಥೆಯ ಜೊತೆಗೂಡಿ ೧೯೬೨ರಲ್ಲಿ ಎಂಜಿನ್ ಕಾರ್ಖಾನೆಯಾಯಿತು. ಅವರು ೧೯೯೪ರಲ್ಲಿ ಕಣ್ಮುಚ್ಚಿದ ಮೇಲೆ, ೧೯೯೭ರಲ್ಲಿ ಬಿಡದಿಯಲ್ಲಿ ಜಪಾನಿನ ಟೊಯೋಟಾ ಕಂಪನಿಯೊಂದಿಗೆ ಕೈಜೋಡಿಸಲಾಯಿತು. ೨೦೦೩ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಇಂಗ್ಲೆಂಡಿನ ಎಸ್‌ಪಿಪಿ ಪಂಪ್ಸ್ ಎಂಬ ಹಳೆಯ ಸಂಸ್ಥೆಯನ್ನೇ ಕೊಂಡಿತು. ಪರದೇಶದ ಸೈಕಲ್ಲನ್ನು ತರಿಸಿ ಮಾರುತ್ತಿದ್ದ ಅಂಗಡಿ ಇಂಗ್ಲೆಂಡಿನ ಕಾರ್ಖಾನೆಗೆ ಒಡೆಯನಾಗಲು ನೂರಹದಿನೈದು ವರ್ಷ ಹಿಡಿಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಅರ್ಧ ಸುಳ್ಳಾದೀತು. ಹರಿಹರದ ಆ ಮೈಸೂರು ಕಿರ್ಲೋಸ್ಕರ, ಊರಿಗೆ ಊರೇ ಯಾವುದರ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತೋ ಆ ಕಾರ್ಖಾನೆ, ಹೊಸ ಶತಮಾನದ ಹೊಸ್ತಿಲಲ್ಲಿ ಸೊರಗಿ ಬಾಗಿಲು ಮುಚ್ಚಿತು. ತಂದೆಯೂ ಮಗನೂ ದುಡಿದ ಮನೆಗಳು ಅಲ್ಲಿ ಬಹಳ. ಇತ್ತ ಮನೆತನದಲ್ಲಿಯೂ ಬಿರುಕು ಕಾಣಿಸಿತು. ೨೦೦೯ರ ಕೌಟುಂಬಿಕ ಒಡಂಬಡಿಕೆಯ ಅರ್ಥವೇನೆಂಬ ಬಗ್ಗೆ ಶಂತನುರಾಯರ ಮೊಮ್ಮಕ್ಕಳು ನ್ಯಾಯಾಲಯದ ಮೆಟ್ಟಿಲೇರಿದರು. ೨೦೨೧ರಲ್ಲಿ ಸುಪ್ರೀಂ ಕೋರ್ಟು, ಮಧ್ಯಸ್ಥಿಕೆಯಿಂದ ಬಗೆಹರಿಸಿಕೊಳ್ಳುವುದು ಲೇಸೆಂದು ಅವರಿಗೆ ಸೂಚಿಸಿತು. ಯಾರದು ಸರಿಯೆಂದು ಹೇಳುವುದು ನಮ್ಮ ಕೆಲಸವಲ್ಲ. ಇಬ್ಬರು ಸೋದರರ ಹೆಸರಿನಲ್ಲಿ ಹುಟ್ಟಿದ ಸಂಸ್ಥೆಯಾದುದರಿಂದ ಮನಸ್ಸಿಗೆ ಕಸಿವಿಸಿಯಾಗುತ್ತದೆ, ಅಷ್ಟೆ.

ಕೊಪ್ಪಳದವರಾದ ನಮಗೆ ಮತ್ತೊಂದು ಲೆಕ್ಕವೂ ಬಾಕಿಯಿದೆ. ಸಂಡೂರು, ಹೊಸಪೇಟೆಗಳ ಅದಿರು ಹತ್ತಿರ, ತುಂಗಭದ್ರೆಯ ನೀರು ಹತ್ತಿರ. ಈ ಕಾರಣಗಳಿಂದ ನಮ್ಮ ಸುತ್ತ ಕಬ್ಬಿಣದ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದಿವೆ. ಕೆಲಸ ಸಿಕ್ಕಿದೆ, ಧೂಳೂ ಸಿಕ್ಕಿದೆ. ೨೦೨೫ರ ಫೆಬ್ರವರಿಯಲ್ಲಿ ಬೇರೊಂದು ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಕೊಪ್ಪಳದ ಜನ ಗವಿಮಠದ ಶ್ರೀಗಳೊಂದಿಗೆ ಬೀದಿಗಿಳಿದುದನ್ನು ತಾವು ಬಲ್ಲಿರಿ. ರೈತ ಅಂದು ಕಬ್ಬಿಣದಲ್ಲಿ ವಿಷವಿದೆಯೆಂದಾಗ ಅವನ ಹೊಲಕ್ಕೆ ಹೋಗಿ ಉತ್ತು ತೋರಿಸಿದವರಿದ್ದರು. ಇಂದು ಹತ್ತಿಯ ಮೇಲೆ, ಮನೆಯ ಮಾಳಿಗೆಯ ಮೇಲೆ ಕುಳಿತ ಕರಿಯ ಧೂಳನ್ನು ಬೆರಳಿನಿಂದ ಒರೆಸಿ ತೋರಿಸುವ ರೈತನ ಬಳಿಗೂ ಯಾರಾದರೂ ಹಾಗೆಯೇ ನಡೆದುಹೋಗಬೇಕಾಗಿದೆ.

ನಮ್ಮ ಹಳೆಯ ವಿದ್ಯಾರ್ಥಿಗಳು ಇದೆಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ ಮಾತು: "ಅಪ್ಪಾವ್ರೆ, ಆ ಎರಡು ವರ್ಷ ನೇಗಿಲಾ ಮಾರದಿದ್ದಾಗ ಮನೀ ಹೆಂಗ ನಡೀತ್ರಿ?" ವ್ಯಾಪಾರಿಯೊಬ್ಬನಿಗೆ ಮಾತ್ರ ಹೊಳೆಯಬಹುದಾದ ಪ್ರಶ್ನೆ. ಕಮ್ಮಟದ ಹಿಂದೆ ಅಂಗಡಿಯಿತ್ತು, ತಮ್ಮನ ಹಿಂದೆ ಅಣ್ಣನಿದ್ದ ಎಂದೆವು.

ಮಠದ ದನದ ಕೊಟ್ಟಿಗೆಯ ಮೂಲೆಯಲ್ಲಿ ಹಳೆಯದೊಂದು ಕಬ್ಬಿಣದ ನೇಗಿಲು ಬಿದ್ದಿದೆ. ಟ್ರ್ಯಾಕ್ಟರು ಬಂದ ಮೇಲೆ ಅದನ್ನು ಮುಟ್ಟಿದವರಿಲ್ಲ. ಪ್ರಸಾದ ಮುಗಿಸಿಕೊಂಡು ಹೊರಟ ಅವರು ಅದರ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ತುಕ್ಕನ್ನು ಕೆರೆದು, ಸವೆದ ಕುಳವನ್ನು ತಿರುಗಿಸಿ ನೋಡಿದರು. "ಇದರ ಕುಳಾ ಈಗ ಎಲ್ಲೂ ಸಿಗೂದಿಲ್ರಿ," ಎಂದು ಕೈ ಒರೆಸಿಕೊಂಡು ಎದ್ದರು. "ಅಣ್ಣಗ ಒಮ್ಮೆ ತೋರಿಸಬೇಕ್ರಿ. ಬರೂ ಸೋಮವಾರ ಕರ್ಕೊಂಡು ಬರ್ತೇನ್ರಿ."