ಕೇಬಲ್
ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಕಾಪುಲಮ್’ ಎಂದರೆ ದನ ಕಟ್ಟುವ ಹಗ್ಗ, ನಮ್ಮ ಕಣ್ಣಿ. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು ಹಡಗಿನ ದಪ್ಪ ಹಗ್ಗವಾಯಿತು. 19ನೇ ಶತಮಾನದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿಗೂ ಅದೇ ಹೆಸರು ನಿಂತಿತು. ತಳದಲ್ಲಿ ಹೂತ ಕೇಬಲ್ ಅಲುಗದು. ಆದರೆ 2017ರಲ್ಲಿ ಸ್ಕಾಟ್ಲೆಂಡಿನ ಪೀಟರ್‌ಹೆಡ್ ಆಚೆ ಶುರುವಾದ ಹೈವಿಂಡ್ ಗಾಳಿ ವಿದ್ಯುತ್ ಸ್ಥಾವರದ ಐದೂ ಗಾಳಿಯಂತ್ರಗಳು ತೇಲುವಂಥವು. ಅವುಗಳಿಂದ ಇಳಿಯುವುದು ‘ಡೈನಾಮಿಕ್ ಕೇಬಲ್’: ಹಗಲಿರುಳೂ ಅಲೆಯೊಂದಿಗೆ ಬಾಗುವಂಥದ್ದು. (ಯಂತ್ರವನ್ನು ಹಿಡಿದಿಡುವುದು ಲಂಗರಿನ ಸರಪಳಿ, ಇದಲ್ಲ.) ಬಿಗಿಯಾಗಿ ಎಳೆದು ಕಟ್ಟಿದರೆ ಇದು ಬಾಳದು. ಇಂಥ ಕೇಬಲ್ಲಿಗೆ ನಡುನೀರಿನಲ್ಲಿ ತೇಲುಬುರುಡೆ ತೊಡಿಸಿ, ಒಂಟೆಯ ಡುಬ್ಬದಂತೆ ಎತ್ತಿ, ಸಡಿಲ ಉಳಿಸುವುದು ರೂಢಿ. ಎಳೆತಕ್ಕೆ ತಿರುಚಿಕೊಳ್ಳದಂತೆ ಉಕ್ಕಿನ ತಂತಿಯ ಪದರಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತಾರೆ. ಯಂತ್ರ ಸೇರುವ ಬಾಯಲ್ಲಿ ಪಾಲಿಯುರೆಥೇನ್ ಕವಚವೂ ಬೇಕು. ಬಾಗಿ ಬಾಗಿ ದಣಿಯುವುದು ಹೆಚ್ಚಾಗಿ ಅಲ್ಲೇ.