ಕಲ್ಯಾಣದ ಸಿರಿ, ಹಾರನಹಳ್ಳಿಯ ಸಿರಿ

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯೂ ಅದರ ಸುತ್ತಲಿನ ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳೂ ಇಂದು ಹೊಗೆಸೊಪ್ಪಿನ ಸೀಮೆಯೆಂದೇ ಹೆಸರಾಗಿವೆ. ರಾಗಿ, ಹುರುಳಿ ಬೆಳೆಯುತ್ತಿದ್ದ ಮಳೆಯಾಶ್ರಯದ ಕೆಮ್ಮಣ್ಣಿನಲ್ಲಿ ವರ್ಜೀನಿಯಾ ಎಲೆ ಬೇರೂರಿತು. ಹೊಲದ ಬದಿಯಲ್ಲಿ ಎಲೆ ಹದಗೊಳಿಸುವ ಬ್ಯಾರನ್ನುಗಳು ಎದ್ದವು. 2023-24ರ ಹರಾಜಿನಲ್ಲಿ ಕರ್ನಾಟಕದ ಎಲೆಯ ಸರಾಸರಿ ಬೆಲೆ ಕಿಲೋಗೆ 250 ರೂಪಾಯಿಗಳನ್ನು ದಾಟಿತು. ಕಂಪಲಾಪುರ, ಚಿಲ್ಕುಂದ, ಕಟ್ಟೆಮಳಲವಾಡಿಗಳ ಹರಾಜು ಕಟ್ಟೆಗಳು ಅಂಥ ಬೆಲೆಯನ್ನು ಹಿಂದೆ ಕಂಡಿರಲಿಲ್ಲ.

ಇಂಥ ಸಿರಿ ಕನ್ನಡ ನಾಡಿಗೆ ಹೊಸದಲ್ಲ. 1076ರಲ್ಲಿ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯನ ಐವತ್ತು ವರ್ಷಗಳ ಆಳ್ವಿಕೆಯಲ್ಲಿ ಕಲ್ಯಾಣವು ಬೆಳೆದ ಬಗೆಯನ್ನು ವಿಜ್ಞಾನೇಶ್ವರನಂತಹ ಪಂಡಿತರೇ ಕೊಂಡಾಡಿದ್ದಾರೆ. ಅಯ್ಯಾವೊಳೆಯ ಐನೂರ್ವರು ದೂರದೇಶಗಳೊಡನೆ ವ್ಯಾಪಾರ ಬೆಳೆಸಿದ್ದರು. ಮುಂದೆ ಬಿಜ್ಜಳನ ಭಂಡಾರಿಯಾದ ಬಸವಣ್ಣನವರು ಆ ಸಂಪತ್ತಿನ ಲೆಕ್ಕವನ್ನು ಕೈಯಾರೆ ನೋಡಿದವರು. ಅದೇ ಪಟ್ಟಣದಲ್ಲಿ ಶರಣರು ಸಂಪತ್ತಿಗೆ ಬೇರೊಂದು ಅಳತೆಗೋಲನ್ನು ಹಿಡಿದರು.

ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮ ಸಂತೋಷಪಡಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಹಿಂದಕ್ಕೆ ಕಳುಹಿಸಿದಳು. ಗಮನಿಸಬೇಕು: ಆ ಅಕ್ಕಿ ಕದ್ದದ್ದಲ್ಲ, ಕೊಂಡದ್ದೂ ಅಲ್ಲ, ಒಡೆಯನಿಲ್ಲದೆ ನೆಲಕ್ಕೆ ಬಿದ್ದುದು. ಆದರೂ ನಾಳಿನದು ಇಂದೇ ಮನೆಗೆ ಬರುವುದನ್ನು ಆಕೆ ಒಪ್ಪಲಿಲ್ಲ.

ತಂಬಾಕು ಮಂಡಳಿಯೂ ಬೆಳೆಗೆ ಮಿತಿ ವಿಧಿಸುತ್ತದೆ. ಮೀರಿ ಬೆಳೆದ ಎಲೆಗೆ ದಂಡವೆಂಬ ಕ್ರಮವಿದೆ. ಬೆಲೆ ಏರಿದ ವರ್ಷ ದಂಡಕ್ಕಂಜಿ ನಾಟಿಯನ್ನು ನಿಲ್ಲಿಸುವವರು ಕಡಿಮೆ. ಇದನ್ನು ರೈತನ ಆಸೆಯೆಂದು ಕರೆದು ಸುಮ್ಮನಾಗುವುದು ನ್ಯಾಯವಲ್ಲ. ಲಕ್ಕಮ್ಮನ ಮನೆಗೆ ಸಾಲವಿರಲಿಲ್ಲ. ಇಲ್ಲಿಯ ಮನೆಗಳಲ್ಲಿ ಗೊಬ್ಬರಕ್ಕೆ, ಕೂಲಿಗೆ, ಸೌದೆಗೆ ಎಲೆ ಮಾರುವ ಮೊದಲೇ ಸಾಲವಾಗಿರುತ್ತದೆ. ದರ ಕುಸಿದ 2015ರಲ್ಲಿ ಈ ಭಾಗದ ಕೆಲವು ಬೆಳೆಗಾರರು ಪ್ರಾಣವನ್ನೇ ಕಳೆದುಕೊಂಡರು. ಬೆಳೆಯನ್ನು ಬಿಡೋಣವೆಂದರೆ ಅದೇ ಹೊಲದಲ್ಲಿ ಅಷ್ಟೇ ಹಣ ತರುವ ಮತ್ತೊಂದು ಬೆಳೆಯನ್ನು ತೋರಿಸುವುದು ಸುಲಭವಲ್ಲ. ಇತ್ತ ಜನರ ಆರೋಗ್ಯಕ್ಕಾಗಿ ಹೊಗೆಸೊಪ್ಪನ್ನು ನಿಯಂತ್ರಿಸುವ ಜಾಗತಿಕ ಒಪ್ಪಂದಕ್ಕೆ ಭಾರತವು 2004ರಲ್ಲಿಯೇ ಒಪ್ಪಿಗೆಯಿತ್ತಿದೆ. ಬೆಳೆದವನಿಗೆ ಅನ್ನವಾದುದು ಸೇದಿದವನಿಗೆ ರೋಗವಾಗುವ ಈ ಸಿರಿಯನ್ನು ಕಾಯಕದ ಫಲವೆನ್ನಲು ನಾಲಗೆ ತಡವರಿಸುತ್ತದೆ.

ಸೌದೆಯ ಮಾತು ಇನ್ನೂ ದೊಡ್ಡದು. ಒಂದು ಕಿಲೋ ಎಲೆ ಹದವಾಗಲು ಹಲವು ಕಿಲೋ ಕಟ್ಟಿಗೆ ಉರಿಯಬೇಕು. ಬ್ಯಾರನ್ನಿನ ಒಲೆ ಹಗಲಿರುಳೂ ಆರುವಂತಿಲ್ಲ. ಬೆಟ್ಟದಪುರದ ಸುತ್ತಣ ಮರಗಿಡಗಳು ಅದರ ಲೆಕ್ಕ ಹೇಳಬಲ್ಲವು. ಶರಣರಲ್ಲಿಯೂ ಸೌದೆ ಮಾರುವವನೊಬ್ಬನಿದ್ದ, ಮೋಳಿಗೆಯ ಮಾರಯ್ಯ. ಕಾಶ್ಮೀರದ ಅರಸುತನವನ್ನು ತೊರೆದು ಬಂದವನೆಂದು ಪರಂಪರೆ ಹೇಳುತ್ತದೆ. ಅವನ ಬಡತನಕ್ಕೆ ಮರುಗಿ ಬಸವಣ್ಣನವರು ಗುಟ್ಟಾಗಿ ಮನೆಯಲ್ಲಿ ಇಟ್ಟುಬಂದ ಹೊನ್ನನ್ನು ಆತ ತನಗೆಂದು ಮುಟ್ಟಲಿಲ್ಲ, ಜಂಗಮರಿಗೆ ಹಂಚಿಬಿಟ್ಟ. ಮರುದಿನ ಎಂದಿನಂತೆ ಕಟ್ಟಿಗೆಯ ಹೊರೆ ಹೊತ್ತು ಕಲ್ಯಾಣದ ಬೀದಿಗೆ ಬಂದ.